ಮುಂದಿನ ಸೀಟಿನ ಅಳತೆ

ಆ ಮನೆಯವರು ನನ್ನನ್ನು ಕರೆಸಿಕೊಂಡಿದ್ದು ತಮ್ಮ ಮನೆಯ ಅಮ್ಮನ ಎಡಗಾಲಿನ ಸಲುವಾಗಿ. ಅವರು ಯಾವ ಕಾರು ಕೊಳ್ಳಬೇಕು ಎಂಬುದರಲ್ಲಿ ನಾನು ತಲೆ ಹಾಕುತ್ತೇನೆಂದು ಅವರೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. ಫಿಸಿಯೋಥೆರಪಿ ಎಂದರೆ ಬಂದು, ಕೈಕಾಲು ನಾಲ್ಕು ಸಲ ಎಳೆದು ಬಗ್ಗಿಸಿ, ಕಾಫಿ ಕುಡಿದು ಹೋಗುವುದು ಎಂದು ತಿಳಿದವರ ಮನೆಗಳಲ್ಲೇ ನನಗೆ ಜಾಸ್ತಿ ಜಗಳಗಳಾಗಿವೆ. ಅವುಗಳಲ್ಲಿ ಇದು ದೊಡ್ಡದು, ಮತ್ತು ಇದರಲ್ಲಿ ನಾನು ಹಿಂದೆ ಸರಿಯಲಿಲ್ಲ ಎಂಬುದು ನನಗೆ ಇವತ್ತಿಗೂ ಸಮಾಧಾನ.

ನಾನಿರುವುದು ಮಧುಗಿರಿಯಲ್ಲಿ. ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ ಚಿಕಿತ್ಸೆ ಕೊಡುತ್ತೇನೆ; ಒಂದು ದಿನ ಕೊರಟಗೆರೆ, ಇನ್ನೊಂದು ದಿನ ಶಿರಾ ಕಡೆ. ಈ ಅಮ್ಮ ಇದ್ದದ್ದು ಊರೊಳಗೇ. ಹುಣಸೆಹಣ್ಣಿನ ವ್ಯಾಪಾರದ ಮನೆ. ಮರಗಳಲ್ಲಿ ಕಾಯಿ ಕಟ್ಟಿದ ಮೇಲೆ ತೋಪು ತೋಪಿಗೆ ಹೋಗಿ, ಮರದ ಬುಡದಲ್ಲಿ ನಿಂತು, ಕತ್ತೆತ್ತಿ ನೋಡಿ, ಈ ಮರ ಈ ವರ್ಷ ಇಷ್ಟು ಕೊಡುತ್ತದೆ ಎಂದು ಅಂದಾಜು ಕಟ್ಟಿ, ಆ ವರ್ಷದ ಫಸಲನ್ನಷ್ಟೇ ಗುತ್ತಿಗೆಗೆ ಹಿಡಿಯುವುದು ಅವರ ಕಸುಬು. ಗಂಡ ಇದ್ದಾಗ ಆತ ಮಾಡುತ್ತಿದ್ದರು. ಆತ ಹೋದ ಮೇಲೆ ಈಕೆ ಸೆರಗು ಸಿಕ್ಕಿಸಿಕೊಂಡು ತೋಪಿಗೆ ಇಳಿದರು. ಮೊದಲ ವರ್ಷ ಊರು ನಕ್ಕಿತು, ಎರಡನೇ ವರ್ಷ ನಗುವುದನ್ನು ಬಿಟ್ಟಿತು.

ಅಂಥ ಹೆಂಗಸಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಎರಡೂ ಬಿದ್ದುಹೋದವು. ನಾನು ಹೋಗಲು ಶುರುಮಾಡಿದಾಗ ಅವರಿಗೆ ಮಂಚದ ಮೇಲೆ ನೆಟ್ಟಗೆ ಕೂರಲೂ ಆಗುತ್ತಿರಲಿಲ್ಲ. ನಾನು ಈಗ ಹೇಳುತ್ತಿರುವ ಕಾಲಕ್ಕೆ ಅವರು ನಾಲ್ಕು ಕಾಲಿನ ಕೋಲು ಹಿಡಿದು ನಡುಮನೆಯಿಂದ ಹಿತ್ತಲಿಗೆ ನಡೆಯುತ್ತಿದ್ದರು. ಎಡಪಾದ ಇಳಿಬೀಳದಂತೆ ತಡೆಯಲು ಒಂದು ಪ್ಲಾಸ್ಟಿಕ್ ಪಟ್ಟಿ, ಅದನ್ನು ಹಿಡಿದಿಡಲು ಒಂದು ಬೂಟು. ಆ ಬೂಟು ಇಲ್ಲದಿದ್ದರೆ ಹೆಬ್ಬೆರಳು ನೆಲಕ್ಕೆ ತಾಗಿ ಮುಗ್ಗರಿಸುತ್ತಿದ್ದರು.

ನನ್ನ ಎಲ್ಲ ರೋಗಿಗಳಿಗೂ ನಾನು ಒಂದು ಪ್ರಶ್ನೆ ಕೇಳುತ್ತೇನೆ: ಈ ಕಾಲು ನಿಮ್ಮನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು? ಬಚ್ಚಲಿಗೆ ಎನ್ನುತ್ತಾರೆ, ದೇವಸ್ಥಾನಕ್ಕೆ ಎನ್ನುತ್ತಾರೆ, ಮಗಳ ಮನೆಗೆ ಎನ್ನುತ್ತಾರೆ. ಈಕೆ ಹುಣಸೆ ಮರದ ಬುಡಕ್ಕೆ ಎಂದರು. ಆಮೇಲೆ ಒಂದು ಷರತ್ತನ್ನೂ ಹೇಳಿದರು.

"ಆಸ್ಪತ್ರೆಗೆ ಹೋಗ್ವಾಗ ಹಮಾಲ್ರು ನನ್ನ ಎತ್ತಿ ಜೀಪ್ನಾಗೆ ಹಾಕಿದ್ರು. ಮೂಟೆ ಎತ್ತೋಕೆ ಮುಂಚೆನಾದ್ರೂ ತೂಕ ಎಷ್ಟು ಅಂತ ಕೇಳ್ತಾರೆ, ನನ್ನ ಏನೂ ಕೇಳ್ಲಿಲ್ಲ. ಇನ್ನೊಂದ್ಸಲ ಯಾರಾದ್ರೂ ಎತ್ತೋ ಹಂಗಿದ್ರೆ ನಾನು ಈ ಹೊಸ್ಲು ದಾಟಾಕಿಲ್ಲ ಕಣಮ್ಮ."

ಇದು ಬರೀ ಹಟದ ಮಾತಲ್ಲ ಎಂದು ನನಗೆ ಸ್ವಲ್ಪ ದಿನದಲ್ಲೇ ತಿಳಿಯಿತು. ಹುಣಸೆ ಕಾಯಿ ಕಟ್ಟುವ ಕಾಲ ಹತ್ತಿರ ಬರುತ್ತಿತ್ತು. ಪುರವರದ ಕಡೆಯ ಮರಗಳು ಆಗಲೇ ಬೇರೆ ವ್ಯಾಪಾರಿಯ ಪಾಲಾಗಿದ್ದವು. ಮಗನಿಗೆ ಮಂಡಿಯಲ್ಲಿ ಮಾರುವುದು ಗೊತ್ತು, ಮರ ನೋಡುವುದು ಗೊತ್ತಿಲ್ಲ. ಮಿಡಿಗೇಶಿ ದಾಟಿ ಪಾವಗಡದ ದಾರಿಯಲ್ಲಿರುವ ದೊಡ್ಡ ತೋಪು ಒಂದು ಉಳಿದಿತ್ತು. ಈ ವರ್ಷ ಅಮ್ಮ ಅಲ್ಲಿ ಕಾಣಿಸಿಕೊಳ್ಳದಿದ್ದರೆ ತೋಪಿನವರು ಇನ್ನೊಬ್ಬರಿಗೆ ಕೊಡುತ್ತಾರೆ, ಒಮ್ಮೆ ಕೈಬಿಟ್ಟ ಮರ ಮತ್ತೆ ಕೈಗೆ ಬರುವುದಿಲ್ಲ, ಅಲ್ಲಿಗೆ ಅವರ ಕಸುಬು ಮುಗಿಯುತ್ತದೆ. ಕಸುಬು ಮುಗಿದರೆ ಅವರು ಮಂಚಕ್ಕೇ ವಾಪಸು ಹೋಗುತ್ತಾರೆಂದು ನನಗೆ ಖಾತ್ರಿಯಿತ್ತು. ನಾನು ಅಂಥವರನ್ನು ನೋಡಿದ್ದೇನೆ.

ಮನೆಯಲ್ಲಿದ್ದದ್ದು ಹಳೆಯ ಜೀಪು ಮತ್ತು ಸರಕಿನ ಗಾಡಿ. ಎರಡೂ ಎತ್ತರ. ಕಾರು ಕೊಳ್ಳೋಣ ಎಂದು ಮಗನೇ ಹೇಳಿದ. ಆ ಮನೆಯ ಹಿರಿಯರು ಅಮ್ಮನ ಭಾವ, ಅಂದರೆ ಗಂಡನ ಅಣ್ಣ. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಮಡಿಸಿದ ಟವೆಲ್ಲು, ಮಾತು ಕಡಿಮೆ. ಕೆಟ್ಟವರಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಷ್ಟು ದಿನ ಹೊರಗಿನ ಬೆಂಚು ಬಿಟ್ಟು ಕದಲದವರು ಅವರೇ. ಆದರೆ ಕಾರು ಎಂದ ಕೂಡಲೇ ಅವರ ಮನಸ್ಸಿಗೆ ಬಂದದ್ದು ಲಾರಿಯ ತಮ್ಮನಂಥ ದೊಡ್ಡ ಗಾಡಿ. ಚಿಕ್ಕ ಕಾರನ್ನು ಬಾಗಿಲ ಮುಂದೆ ನಿಲ್ಲಿಸಿದರೆ ಮನೆತನದ ಮರ್ಯಾದೆ ಏನಾಗಬೇಕು ಎಂದರು. ಹತ್ತುವುದು ಹೇಗೆ ಎಂದು ನಾನು ಕೇಳಿದ್ದಕ್ಕೆ, ಅದೇನು ಮಹಾ, ಇಬ್ಬರು ಹಿಡಿದು ಎತ್ತಿ ಕೂರಿಸುತ್ತಾರೆ ಎಂದರು. ಒಳಗೆ ಮಂಚದ ಮೇಲಿದ್ದ ಅಮ್ಮನಿಗೆ ಅದು ಕೇಳಿಸಿತು. ಅವತ್ತು ಅವರು ನನ್ನ ಹತ್ತಿರ ವ್ಯಾಯಾಮ ಮಾಡಿಸಿಕೊಳ್ಳಲಿಲ್ಲ.

ಅಲ್ಲಿಗೆ ನನಗೆ ರೇಗಿತು. ಕಾರು ಆರಿಸುವ ಕೆಲಸವನ್ನು ಯಾರೂ ಕೊಡದೆ ನಾನೇ ತಗೊಂಡೆ.

ಮೊದಲು ಅಮ್ಮನ ಎತ್ತರ ಗೊತ್ತಾಗಬೇಕಿತ್ತು, ಅಂದರೆ ಅವರು ಯಾರ ಕೈಯೂ ಇಲ್ಲದೆ ಕೂತು ಏಳಬಲ್ಲ ಎತ್ತರ. ಒಂದು ಬೆಂಚು ತರಿಸಿ ಅದರ ಕಾಲುಗಳ ಕೆಳಗೆ ಹಲಗೆ ತುಂಡುಗಳನ್ನು ಇಡುತ್ತ, ತೆಗೆಯುತ್ತ ನೋಡಿದೆ. ತಗ್ಗಾದರೆ ಕೂತಲ್ಲೇ ಸಿಕ್ಕಿಕೊಳ್ಳುತ್ತಿದ್ದರು. ಎತ್ತರವಾದರೆ ಪಾದ ನೆಲಕ್ಕೆ ಊರದೆ ಜಾರುತ್ತಿದ್ದರು. ಮಂಡಿಯ ಮಡಿಕೆಗಿಂತ ನಾಲ್ಕು ಬೆರಳು ಮೇಲಿದ್ದಾಗ ಬಲಗೈಯನ್ನು ಒತ್ತಿ, ಮೂಗು ಮಂಡಿಗಿಂತ ಮುಂದೆ ತಂದು, ಎದ್ದು ನಿಂತರು. ನನ್ನ ಅಳತೆ ಟೇಪಿನಲ್ಲಿ ಆ ಜಾಗಕ್ಕೆ ಒಂದು ಪಿನ್ನು ಚುಚ್ಚಿಕೊಂಡೆ.

ಆಮೇಲೆ ಕಂಡ ಕಂಡ ಕಾರಿಗೆಲ್ಲ ಟೇಪು ಹಿಡಿಯುವ ಚಟ ಹತ್ತಿತು. ಕೊರಟಗೆರೆ ಬಸ್ ನಿಲ್ದಾಣದ ಹತ್ತಿರ ನಿಂತಿದ್ದ ಕಾರೊಂದರ ಬಾಗಿಲ ಕೆಳಗೆ ಬಗ್ಗಿ ಅಳೆಯುತ್ತಿದ್ದಾಗ ಅದರ ಮಾಲೀಕ ಓಡಿಬಂದ. ಮುಖ ಬಿಳಿಚಿಕೊಂಡಿತ್ತು. "ಯಾರಿಗಾದ್ರೂ ಗುದ್ದಿದ್ದೀನಾ ಮೇಡಂ?" ಎಂದು ಕೇಳಿದ. ವಿಷಯ ಹೇಳಿದ ಮೇಲೆ ನಾಲ್ಕೂ ಬಾಗಿಲು ತೆಗೆದು, ಬೇಕಾದಷ್ಟು ಸಲ ಹತ್ತಿ ಇಳಿಯಲು ಬಿಟ್ಟ. ಅವನ ಅತ್ತೆಗೂ ಮಂಡಿನೋವಂತೆ.

ಆ ದಿನಗಳಲ್ಲಿ ನಾನು ಕಲಿತದ್ದು ಇಷ್ಟು. ಸೀಟಿನ ಎತ್ತರ ಒಂದೇ ಸಾಲದು. ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಬಾಗಿಲ ಕೆಳಗಿನ ಅಂಚು ಹೊಸ್ತಿಲಿನಂತೆ ಎಷ್ಟು ಎದ್ದಿದೆ, ಚಾವಣಿಯ ಅಂಚು ಹಣೆಗೆ ಬಡಿಯುತ್ತದೋ ಇಲ್ಲವೋ, ಕಾಲು ಒಳಗೆ ತರಲು ಮುಂದೆ ಜಾಗ ಇದೆಯೋ, ಇವೆಲ್ಲ ಬೇಕು. ಅಮ್ಮನ ಎಡಗಡೆ ಬಿದ್ದಿರುವುದರಿಂದ ಚಾಲಕನ ಪಕ್ಕದ ಸೀಟು ಅವರಿಗೆ ಹೇಳಿ ಮಾಡಿಸಿದಂತಿತ್ತು. ಕಾರಿಗೆ ಬೆನ್ನು ಮಾಡಿ ನಿಂತರೆ ಗಟ್ಟಿಯಾದ ಬಲಗೈ ಕಾರಿನ ಮುಂಭಾಗದ ಕಡೆ ಬರುತ್ತದೆ, ಬಾಗಿಲ ಕಂಬವನ್ನು ಹಿಡಿಯಬಹುದು. ಕೂತ ಮೇಲೆ ಬಲಗಾಲನ್ನು ಮೊದಲು ಒಳಗೆ ತಂದು, ಬಲಗೈಯಿಂದ ಎಡಗಾಲನ್ನು ಎತ್ತಿಟ್ಟುಕೊಳ್ಳಬಹುದು.

ಶಿರಾದ ಹೆದ್ದಾರಿ ಬದಿಯ ಷೋರೂಮಿಗೆ ಮಗನೂ ನಾನೂ ಹೋದೆವು. ಸೇಲ್ಸ್‌ನವನು ಮಗನಿಗೆ ಮೈಲೇಜು, ಸ್ಕ್ರೀನು, ಹಿಂದಕ್ಕೆ ತೆಗೆಯುವಾಗಿನ ಕ್ಯಾಮೆರಾ ಎಲ್ಲ ವಿವರಿಸಿದ. ನಾನು ಬಾಗಿಲಿನ ವಿಷಯ ಕೇಳಿದರೆ, ಮೇಡಂಗೆ ಕಲರ್ ತೋರಿಸ್ತೀನಿ ಬನ್ನಿ ಎಂದ. ಬಣ್ಣ ನೋಡಲು ಬಂದ ಸೊಸೆ ಎಂದುಕೊಂಡಿರಬೇಕು. ನಾನು ದುಪಟ್ಟಾ ತೆಗೆದು ನನ್ನ ಎಡಗೈಯನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡೆ, ಎಡಗಾಲನ್ನು ಕೊರಡಿನ ಹಾಗೆ ಸೆಟೆಸಿಕೊಂಡೆ, ಒಂದೊಂದೇ ಕಾರಿಗೆ ಹತ್ತತೊಡಗಿದೆ. ಷೋರೂಮಿನ ಕೆಲಸಗಾರರೆಲ್ಲ ಗಾಜಿನ ಹಿಂದೆ ಸಾಲಾಗಿ ನಿಂತು ನೋಡಿದರು.

ಮೊದಲ ಕಾರಿನಲ್ಲಿ ಕೂತವಳು ಏಳಲಾಗದೆ ಮಗನ ಕೈ ಹಿಡಿಯಬೇಕಾಯಿತು. ಎರಡನೆಯದರ ಎತ್ತರ ಸರಿ, ಆದರೆ ಚಾವಣಿ ಮುಂದಕ್ಕೆ ಇಳಿಜಾರಾಗಿ ಹಣೆಗೆ ಬಡಿಯಿತು. ಮೂರನೆಯದು ನೋಡಲು ಡಬ್ಬದ ಹಾಗಿತ್ತು. ಎತ್ತರದ ಚಾವಣಿ, ಅಂಚು ತಗ್ಗು, ಬಾಗಿಲು ಊರ ಹೆಬ್ಬಾಗಿಲಿನ ಹಾಗೆ ಅಗಲ ತೆರೆಯುತ್ತಿತ್ತು. ಕೂತೆ, ತಿರುಗಿದೆ, ಎದ್ದೆ. ಟೇಪಿನ ಪಿನ್ನು ಸೀಟಿನ ಅಂಚಿಗೆ ಸರಿಯಾಗಿ ಬಂತು.

ಸೇಲ್ಸ್‌ನವನು ಅದರ ಎಲ್ಲಕ್ಕಿಂತ ದುಬಾರಿ ಮಾಡೆಲ್ ತೋರಿಸಿದ. ಅದರ ಸೀಟಿನ ಎರಡೂ ಬದಿ ಉಬ್ಬಿದ್ದು, ತಿರುಗುವಾಗ ತೊಡೆ ಸಿಕ್ಕಿಕೊಂಡಿತು. ಕಡಿಮೆ ಮಾಡೆಲ್ಲಿನ ಸೀಟು ಮಾತ್ರ ಹಲಗೆಯಂತೆ ಸಮ. ಅದೇ ಬೇಕೆಂದೆ.

"ಮೇಡಂ, ಅದು ಟ್ಯಾಕ್ಸಿಯವ್ರು ತಗೊಳ್ಳೋದು. ಫ್ಯಾಮಿಲಿಗೆ ಏಕ್‌ದಮ್ ಟಾಪ್ ತಗೊಳ್ಳಿ" ಎಂದ.

ಕೂರಲಿಕ್ಕೆ ಆಗದ ಟಾಪನ್ನು ಮನೆ ಮುಂದೆ ನಿಲ್ಲಿಸಿ ಆರತಿ ಎತ್ತಲೇ ಎಂದು ಕೇಳಿದೆ. ಮಗ ನಕ್ಕುಬಿಟ್ಟ. ಅವನು ಒಳ್ಳೆಯ ಹುಡುಗ, ದೊಡ್ಡಪ್ಪನ ಎದುರು ಮಾತ್ರ ನಾಲಿಗೆ ಹೊರಳುವುದಿಲ್ಲ.

ಓಡಿಸಿ ನೋಡಲು ಇಟ್ಟಿರುವ ಕಾರನ್ನು ಒಂದು ದಿನ ಮಧುಗಿರಿಗೆ ತರಿಸಿಕೊಂಡೆವು. ಭಾವ ಅವತ್ತು ಹಿಂದೂಪುರದ ಮಂಡಿಗೆ ಹೋಗಿದ್ದರು. ಸೀಟಿಗೆ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಅಮ್ಮ ಕೂತವರೇ ಬೆಣ್ಣೆಯಂತೆ ಮುಂದಕ್ಕೆ ಜಾರಿದರು, ನಾನು ಮಂಡಿ ಅಡ್ಡ ಕೊಡದಿದ್ದರೆ ಬೀದಿಗೆ ಬೀಳುತ್ತಿದ್ದರು. ಪ್ಲಾಸ್ಟಿಕ್ ತೆಗೆಸಿದೆ. ಈಗ ಸೀಟಿನ ಬಟ್ಟೆಗೆ ಸೀರೆ ಕಚ್ಚಿಕೊಂಡು ತಿರುಗಲಾಗಲಿಲ್ಲ. ಕೊನೆಗೆ ಅಮ್ಮನ ಸೊಸೆ ಒಂದು ಹಳೆಯ ರೇಷ್ಮೆ ಸೀರೆಯ ತುಂಡನ್ನು ಮಡಿಸಿ ಕೊಟ್ಟಳು. ಸೀಟಿನ ಹಿಂಭಾಗದಲ್ಲಿ ಮಾತ್ರ ಅದನ್ನು ಹಾಸಿದೆ. ಅಂಚಿನ ಬಟ್ಟೆ ಹಿಡಿದುಕೊಂಡಿತು, ಹಿಂದಿನ ರೇಷ್ಮೆ ತಿರುಗಲು ಬಿಟ್ಟಿತು. ಅಮ್ಮ ಒಳಗೆ ಹೋದರು. ಹೊರಗೆ ಬಂದರು. ಇನ್ನೊಂದು ಸಲ ಎಂದರು, ಮತ್ತೊಂದು ಸಲ ಎಂದರು. ಬೆವರಿನಲ್ಲಿ ಕುಂಕುಮವಿಲ್ಲದ ಅವರ ಹಣೆ ಹೊಳೆಯುತ್ತಿತ್ತು. ಅವತ್ತೇ ಬುಕ್ ಮಾಡಿದೆವು. ಮನೆಗೆ ಬರುತ್ತ ನಾನು ಸ್ಕೂಟರಿನ ಮೇಲೆ ಹಾಡಿಕೊಂಡು ಬಂದೆ.

ಕಾರು ಮನೆಗೆ ಬಂದ ದಿನ ಪೂಜೆ ಇಟ್ಟುಕೊಂಡಿದ್ದರು. ಚಕ್ರಗಳ ಕೆಳಗೆ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಹೂವಿನ ಹಾರ, ಈಡುಗಾಯಿ. ಚಿಕ್ಕ ಕಾರು ನೋಡಿ ಭಾವ ಮುಖ ಗಂಟಿಕ್ಕಿಕೊಂಡರೂ ಬಂದ ಲಕ್ಷ್ಮಿಗೆ ಏನೂ ಅನ್ನಲಿಲ್ಲ. ದೇವಸ್ಥಾನಕ್ಕೆ ಒಂದು ಸುತ್ತು ಹೋಗಿಬರುವುದೆಂದಾಯಿತು. ಮಗ ಚಾಲಕನ ಜಾಗದಲ್ಲಿ ಕೂತ. ಭಾವ ಮುಂದಿನ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತರು. ಸೊಸೆ ಹಿಂದಿನ ಬಾಗಿಲು ತೆಗೆದು ಹಿಡಿದು, "ಬನ್ನಿ ಅತ್ತೆ" ಎಂದಳು.

ನಾನು ನಿಂತಲ್ಲೇ ನಿಂತೆ. ಯಾರ ಮುಖದಲ್ಲೂ ಅಚ್ಚರಿ ಇರಲಿಲ್ಲ. ಆ ಮನೆಯಲ್ಲಿ ಮುಂದಿನ ಸೀಟು ಹಿರಿಯ ಗಂಡಸಿನದು, ಹೆಂಗಸರದು ಹಿಂದಿನ ಸೀಟು. ಅಷ್ಟು ದಿನ ನಾನು ಇಂಚಿಂಚು ಅಳೆದದ್ದು ಅಮ್ಮ ಕೂರುವ ಹಕ್ಕೇ ಇಲ್ಲದ ಜಾಗವನ್ನು. ಆಮೇಲೆ ಮಗನನ್ನು ಪಕ್ಕಕ್ಕೆ ಕರೆದು ಯಾಕಪ್ಪ ಹೇಳಲಿಲ್ಲ ಎಂದು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅದ್ರಾಗೆ ಹೇಳೋದೇನೈತೆ ಮೇಡಂ? ದೊಡ್ಡಪ್ಪ ತಾನೆ ಮುಂದೆ ಕೂರೋದು. ಅವತ್ತು ಮುಂದೆ ಕೂತಿದ್ದು ಬರೀ ಪ್ರಾಕ್ಟೀಸ್‌ಗೆ ಅಂದ್ಕಂಡೆ" ಎಂದ. ನಾನೂ ಕೇಳಿರಲಿಲ್ಲ ನಿಜ. ನಮ್ಮ ಮನೆಯಲ್ಲಿ ಕಾರೇ ಇರಲಿಲ್ಲ. ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಬೆಳೆದವಳಿಗೆ ಮುಂದಿನ ಸೀಟು ಯಾರದು ಎಂಬ ಪ್ರಶ್ನೆ ಹೊಳೆಯುವುದಾದರೂ ಹೇಗೆ?

ಇದು ಸಾಲದೆಂಬಂತೆ, ಹೊಸ ಕಾರು ಎಂದು ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟಿದ್ದರು. ಅಮ್ಮನ ಬೂಟನ್ನೂ ಬಿಚ್ಚಿಸಿದ್ದರು. ನಾನು ಬೇಡ ಎನ್ನುವಷ್ಟರಲ್ಲಿ ಅವರು ಹಿಂದಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತಾಗಿತ್ತು. ಹಿಂದಿನ ಬಾಗಿಲು ಇಕ್ಕಟ್ಟು. ಬಲಗಾಲು ಒಳಗೆ ಬಂತು. ಎಡಪಾದ ಇಳಿಬಿದ್ದು ಮುಂದಿನ ಸೀಟಿಗೂ ಬಾಗಿಲ ಕಂಬಕ್ಕೂ ನಡುವೆ ಸಿಕ್ಕಿಕೊಂಡಿತು. ಅರ್ಧ ಒಳಗೆ, ಅರ್ಧ ಹೊರಗೆ. ನೆಂಟರಿಷ್ಟರು, ಅಕ್ಕಪಕ್ಕದವರು ಎಲ್ಲ ನೋಡುತ್ತಿದ್ದರು. ಭಾವ ಕೆಳಗಿಳಿದು ಅಂಗಡಿಯ ಹಮಾಲರನ್ನು ಕೂಗಿ ಕರೆದರು.

"ಮುಟ್ಬ್ಯಾಡ್ರಿ" ಎಂದರು ಅಮ್ಮ. ಹಮಾಲರು ಅಲ್ಲೇ ನಿಂತರು.

ನಾನು ಬಗ್ಗಿ ಪಾದ ಬಿಡಿಸಿದೆ. ಅವರು ಎದ್ದು, ಬೂಟು ಹಾಕಿಸಿಕೊಂಡು, ಕೋಲೂರಿ ಒಳಗೆ ನಡೆದುಹೋದರು. ದೇವಸ್ಥಾನದ ಸುತ್ತನ್ನು ಅವರಿಲ್ಲದೆಯೇ ಮುಗಿಸಿದರು.

ಸಂಜೆ ಭಾವ ಗೆದ್ದವರಂತೆ ಮಾತಾಡಿದರು. ಮೊದಲೇ ಹೇಳಿರಲಿಲ್ಲವೇ, ಇದನ್ನು ಕೊಟ್ಟು ದೊಡ್ಡ ಗಾಡಿ ತರೋಣ, ಹಿಂದೆ ಬೇಕಾದಷ್ಟು ಜಾಗ ಇರುತ್ತದೆ ಎಂದರು.  ಉತ್ತರ ನಾನು ಕೊಟ್ಟೆ. ಕಾರಿನಲ್ಲಿ ಯಾವ ದೋಷವೂ ಇಲ್ಲ, ಮುಂದೆ ಅಮ್ಮ ಕೂತು ಹಿಂದೆ ನೀವು ಕೂತರೆ ಎಲ್ಲ ಸರಿಹೋಗುತ್ತದೆ ಎಂದೆ. ಭಾವ ಟವೆಲ್ಲನ್ನು ಹೆಗಲಿಗೆ ಎಳೆದುಕೊಂಡು ನನ್ನ ಕಡೆ ತಿರುಗಿದರು.

"ನಿಮ್ ಕಡೆ ಹೆಂಗೋ ನಂಗೊತ್ತಿಲ್ಲ ಕಣಮ್ಮ. ನಮ್ ಮನೇಲಿ ಒಂದು ಪದ್ಧತಿ ಐತೆ. ಕಾಲು ನೋಡಾಕೆ ಬಂದೋರು ಕಾಲು ನೋಡ್ಕಂಡು ಹೋಗ್ಬೇಕು. ನಾಳೆಯಿಂದ ನೀನು ಬರೋದು ಬ್ಯಾಡ" ಎಂದರು.

ನಿಮ್ ಕಡೆ ಎಂಬ ಮಾತು ನನಗೆ ಹೊಸದಲ್ಲ. ನಮ್ಮಪ್ಪ ಸರ್ಕಾರಿ ಶಾಲೆಯ ಮೇಷ್ಟ್ರಾಗಿದ್ದರು, ನೂರಾರು ಮಕ್ಕಳಿಗೆ ಅಕ್ಷರ ಕಲಿಸಿದರು, ಆದರೂ ಅವರು ಯಾವ ಕೇರಿಯವರು ಎಂಬುದನ್ನು ಊರು ಮರೆಯಲಿಲ್ಲ. ಆ ಮನೆಯಲ್ಲಿ ನನಗೆ ಕಾಫಿ ಬರುತ್ತಿದ್ದ ಸ್ಟೀಲು ಲೋಟ ಯಾವತ್ತೂ ಒಂದೇ ಇರುತ್ತಿತ್ತು, ಅದನ್ನೂ ನಾನು ಕಂಡಿದ್ದೆ. ಚೀಲ ಎತ್ತಿಕೊಂಡು ಹೊರಟೆ. ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಿದೆ. ನನ್ನ ಗಂಡ ಯಾವ ಪಾತ್ರೆಯ ತಪ್ಪು ಎಂದು ಕೇಳಿ ಬೈಸಿಕೊಂಡ.

ಸಿಟ್ಟು ಇಳಿದ ಮೇಲೆ ಕೆಲಸದ ದೃಷ್ಟಿಯಿಂದ ಯೋಚಿಸಿದೆ. ಹಿಂದಿನ ಸೀಟಿಗೆ ಅಮ್ಮನನ್ನು ತಯಾರು ಮಾಡಲು ಸಾಧ್ಯವೇ ಇಲ್ಲವೆಂದಲ್ಲ. ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ಸರಿಸಿ, ಒಬ್ಬರು ಕಾಲು ಹಿಡಿದು, ಇನ್ನೊಬ್ಬರು ಆಚೆ ಬಾಗಿಲಿಂದ ರಟ್ಟೆ ಹಿಡಿದು ಎಳೆದರೆ ಆಗುತ್ತದೆ. ಹಾಗೆ ಮಾಡಿಸಿದ್ದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು, ನನ್ನ ಕೆಲಸವೂ ಉಳಿಯುತ್ತಿತ್ತು. ಆದರೆ ಅದು ಎತ್ತಿ ಹಾಕುವುದೇ, ಹೆಸರು ಬೇರೆ ಅಷ್ಟೇ. ಹಿಂದಿನ ಸೀಟಿನ ತರಬೇತಿ ನಾನು ಕೊಡುವುದಿಲ್ಲ ಎಂದು ತೀರ್ಮಾನ ಮಾಡಿದೆ. ಬರಬೇಡ ಎಂದು ಹೇಳಬೇಕಾದವರು ರೋಗಿ, ಅವರು ಹೇಳಿಲ್ಲ ಎಂದೂ ತೀರ್ಮಾನ ಮಾಡಿದೆ.

ಮಾರನೆಯ ಬೆಳಿಗ್ಗೆ ಎಂದಿನ ಹೊತ್ತಿಗೆ ಹೋದೆ. ಭಾವ ಜಗಲಿಯ ಮೇಲೆ ಪೇಪರು ಓದುತ್ತಿದ್ದರು. ನಮಸ್ಕಾರ ಎಂದು ಹೇಳಿ, ಅವರು ತಲೆಯೆತ್ತುವಷ್ಟರಲ್ಲಿ ಒಳಗೆ ನಡೆದೆ. ಹೆಂಗಸಿನ ಮೇಲೆ ಬೀದಿಗೆ ಕೇಳುವಂತೆ ಕೂಗಾಡುವ ಜಾಯಮಾನ ಅವರದಲ್ಲ, ನಾನು ಅದನ್ನೇ ನಂಬಿಕೊಂಡಿದ್ದೆ. ಅಮ್ಮ ಆಗಲೇ ಬೂಟು ಹಾಕಿಸಿಕೊಂಡು ಮಂಚದ ಅಂಚಿನಲ್ಲಿ ಕೂತಿದ್ದರು.

"ಬಂದ್ಯಾ" ಎಂದರು. "ಇವತ್ತಿಂದ ನಂಗೆ ಕಾರು ಹತ್ತಿಸೋದು ಬ್ಯಾಡ. ದೂರ ನಡೆಸು. ಬಯಲಾಗೆ ನಡೆಸು."

ತೋಪಿನ ಉಬ್ಬುತಗ್ಗಿಗೆ ತಯಾರಾಗುತ್ತಿದ್ದಾರೆ ಎಂದುಕೊಂಡೆ. ಹಿತ್ತಲಿನ ಚಪ್ಪಡಿ ಕಲ್ಲುಗಳ ಮೇಲೆ, ಆಮೇಲೆ ಮಣ್ಣಿನಲ್ಲಿ, ಆಮೇಲೆ ಗೋಡೆಯಾಚೆಯ ಇಳಿಜಾರಿನಲ್ಲಿ ನಡೆಸಿದೆ. ಸಾಕು ಎಂದು ನಾನು ಹೇಳಬೇಕಿತ್ತೇ ಹೊರತು ಅವರ ಬಾಯಿಂದ ಒಂದು ದಿನವೂ ಬರಲಿಲ್ಲ. ಕೋಲು ಮುಂದೆ, ಎಡಗಾಲು, ಬಲಗಾಲು. ಸುಸ್ತಾದರೆ ನಿಂತಲ್ಲೇ ಉಸಿರು ತಗೊಂಡು ಮತ್ತೆ ಕೋಲು ಮುಂದೆ. ಕಾರು ಮನೆಯ ಮುಂದೆ ಬಿಸಿಲಿಗೆ ನಿಂತಿತ್ತು. ಭಾವ ದೊಡ್ಡ ಗಾಡಿಗಳ ವಿಚಾರಣೆಯಲ್ಲಿದ್ದರು.

ಅಷ್ಟರಲ್ಲಿ ಪಾವಗಡದ ದಾರಿಯ ತೋಪಿನವರಿಂದ ಫೋನು ಬಂತು. ಬೇರೆಯವರು ಬಂದು ನೋಡಿಕೊಂಡು ಹೋಗಿದ್ದಾರೆ, ನೀವು ಬರುವುದಾದರೆ ನಾಳೆಯೇ ಬನ್ನಿ ಎಂದರು. ನಾನು ನೋಡಿಕೊಂಡು ಬರುತ್ತೇನೆ ಎಂದರು ಭಾವ. ನಾನೂ ಬರುತ್ತೇನೆ ಎಂದರು ಅಮ್ಮ. ಹಾಗಾದರೆ ಹಮಾಲರಿಗೆ ಬರಲು ಹೇಳು ಎಂದು ಭಾವ ಮಗನಿಗೆ ಹೇಳಿದರು.

ಮರುದಿನ ಬೆಳಿಗ್ಗೆ ನಾನು ಹೋದಾಗ ಮಗ ಇಂಜಿನ್ ಶುರುಮಾಡಿದ್ದ. ಭಾವ ಮುಂದಿನ ಸೀಟಿನಲ್ಲಿ ಕೂತು ಟವೆಲ್ಲನ್ನು ತೊಡೆಯ ಮೇಲೆ ಹಾಸಿಕೊಂಡಿದ್ದರು. ಹಮಾಲರಿಬ್ಬರು ಹಿಂದಿನ ಬಾಗಿಲ ಹತ್ತಿರ ನಿಂತಿದ್ದರು. ಅಮ್ಮ ಬೂಟು ಹಾಕಿಕೊಂಡೇ ಹೊರಗೆ ಬಂದರು, ಹಮಾಲರನ್ನು ದಾಟಿ ಮುಂದಿನ ಬಾಗಿಲ ಹತ್ತಿರ ಬಂದು ನಿಂತರು.  ಭಾವ ಎದುರಿನ ಗಾಜನ್ನೇ ನೋಡುತ್ತ ಕೂತರು. ಅಮ್ಮ ನಿಂತೇ ಇದ್ದರು. ನಿಲ್ಲುವುದು ಅವರಿಗೆ ನಡೆಯುವುದಕ್ಕಿಂತ ಕಷ್ಟ ಎಂದು ನನಗೆ ಗೊತ್ತಿತ್ತು.

"ಹಿಂದೆ ಹತ್ಕಳಮ್ಮ, ಹೊತ್ತಾಯ್ತೈತೆ" ಎಂದರು ಭಾವ.

"ನೀವು ಕೂತಿರಿ ಭಾವ. ನಾನು ನಡ್ಕಂಡೇ ಬತ್ತೀನಿ" ಎಂದು ಅಮ್ಮ ಕೋಲು ಮುಂದಿಟ್ಟರು.

ತಮಾಷೆ ಎಂದೇ ಎಲ್ಲರೂ ಅಂದುಕೊಂಡರು. ಅವರು ಬೀದಿಗೆ ಇಳಿದು ತಿರುಗಿ ನೋಡದೆ ನಡೆದರು. ನಾನು ಓಡಿಹೋಗಿ ಅವರ ಎಡಗಡೆ, ಒಂದು ಗೇಣು ಹಿಂದೆ ಸೇರಿಕೊಂಡೆ, ಮುಟ್ಟಲಿಲ್ಲ. ಮಗನಿಗೆ ಏನು ಮಾಡಬೇಕೆಂದು ತೋಚದೆ ಕಾರನ್ನು ಮೆಲ್ಲಗೆ ಹಿಂದೆ ಬಿಟ್ಟುಕೊಂಡು ಬಂದ. ಮುಂದೆ ಕೋಲೂರಿಕೊಂಡು ಹೋಗುವ ಹೆಂಗಸು, ಹಿಂದೆ ಅವಳ ನಡಿಗೆಯ ವೇಗದಲ್ಲಿ ತೆವಳುವ ಹೊಸ ಕಾರು, ಅದರೊಳಗೆ ಮುಂದಿನ ಸೀಟಿನಲ್ಲಿ ಊರಿಗೆ ಬೇಕಾದ ಹಿರಿಯರು. ಹಿಟ್ಟಿನ ಗಿರಣಿಯವನು ಮೆಷಿನ್ ನಿಲ್ಲಿಸಿ ಹೊರಗೆ ಬಂದ. ಕ್ಷೌರದ ಅಂಗಡಿಯಲ್ಲಿ ಅರ್ಧ ನೊರೆ ಹಚ್ಚಿಕೊಂಡವನೂ ಬಾಗಿಲಿಗೆ ಬಂದ.

"ಎಲ್ಲಿಗವ್ವಾ ನಡ್ಕಂಡು ಹೊಂಟೆ?" ಎಂದು ಟೀ ಅಂಗಡಿಯವನು ಕೇಳಿದ.

"ಪಾವಗಡದ ಕಡೆಗೆ ಕಣಪ್ಪ" ಎಂದರು ಅಮ್ಮ.

ಬೆಂಚಿನ ಮೇಲಿದ್ದವರು ನಕ್ಕರು. ಹಿಂದೆ ಬರುತ್ತಿದ್ದ ಕಾರನ್ನೂ ಅದರೊಳಗಿದ್ದವರನ್ನೂ ನೋಡಿ ನಗು ನಿಲ್ಲಿಸಿದರು.

ಅಮ್ಮನ ಎಡಮಂಡಿ ನಡುಗಲು ಶುರುವಾಗಿತ್ತು. ನನಗೆ ನಿಜವಾಗಿ ಭಯವಾಯಿತು. ಈಗ ಬಿದ್ದರೆ ಸೊಂಟದ ಮೂಳೆ ಹೋಗುತ್ತದೆ, ಅಲ್ಲಿಗೆ ತೋಪೂ ಇಲ್ಲ, ನಡಿಗೆಯೂ ಇಲ್ಲ, ಮತ್ತು ಊರೆಲ್ಲ ನನ್ನನ್ನೇ ಬೈಯುತ್ತದೆ. ಸಾಕಮ್ಮ ಎಂದು ಮೆಲ್ಲಗೆ ಹೇಳಿದೆ. "ಸುಮ್ಕೆ ಬಾ" ಎಂದರು. ನಾನು ಕೈಯನ್ನು ಅವರ ಸೊಂಟದ ಹಿಂದೆ ಗಾಳಿಯಲ್ಲಿ ಹಿಡಿದುಕೊಂಡೇ ನಡೆದೆ. ತಡೆಯಲಿಲ್ಲ. ತಡೆಯುವ ಅಧಿಕಾರ ನನಗಿತ್ತು, ಮನಸ್ಸು ಬರಲಿಲ್ಲ.

ದೊಡ್ಡ ರಸ್ತೆ ಸೇರುವ ಮುಂಚೆ ಹಿಂದೆ ಕಾರು ನಿಂತ ಸದ್ದಾಯಿತು. ಬಾಗಿಲು ತೆರೆಯಿತು. ಭಾವ ಇಳಿದರು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು, ಯಾರ ಮುಖವನ್ನೂ ನೋಡದೆ ಹಿಂದಿನ ಬಾಗಿಲು ತೆಗೆದು ಒಳಗೆ ಕೂತರು.

ಅಮ್ಮ ಕಾರಿನವರೆಗೆ ನಡೆದು ಬಂದರು. ಬೆನ್ನು ಕೊಟ್ಟು ನಿಂತರು, ಎರಡೂ ಕಾಲಿನ ಹಿಂಭಾಗಕ್ಕೆ ಸೀಟಿನ ಅಂಚು ತಾಗುವವರೆಗೆ ಹಿಂದೆ ಸರಿದರು. ಕೋಲು ನನಗೆ ಕೊಟ್ಟು ಬಲಗೈಯಿಂದ ಕಂಬ ಹಿಡಿದು, ತಲೆ ತಗ್ಗಿಸಿ, ಕೂತರು. ಬಲಗಾಲು ಒಳಗೆ. ಆಮೇಲೆ ಬಲಗೈಯನ್ನು ಎಡಮಂಡಿಯ ಕೆಳಗೆ ಹಾಕಿ, ಬೂಟಿನ ಸಮೇತ ಎಡಗಾಲನ್ನು ಎತ್ತಿ ಒಳಗಿಟ್ಟುಕೊಂಡರು. ಟೀ ಅಂಗಡಿಯ ಬೆಂಚು ಪೂರ್ತಿ ಎದ್ದು ನಿಂತು ನೋಡುತ್ತಿತ್ತು. ನಾನು ಬಾಗಿಲು ಹಾಕಲು ಕೈ ಚಾಚಿದೆ. "ಬುಡು, ನಾನ್ ಹಾಕ್ಕಂತೀನಿ" ಎಂದು ಮೈ ವಾಲಿಸಿ ಬಲಗೈಯಿಂದಲೇ ಎಳೆದು ಹಾಕಿಕೊಂಡರು. 

"ನೀನೂ ಹತ್ಕ. ಅಲ್ಲಿ ಇಳಿಯೋದ ಯಾರು ನೋಡ್ಬೇಕು?" ಎಂದರು.

ಉಳಿದಿದ್ದ ಜಾಗ ಹಿಂದೆ, ಭಾವನ ಪಕ್ಕದಲ್ಲಿ. ಹತ್ತಿ ಕೂತೆ. ಚಿಕ್ಕ ಕಾರು. ಅವರ ತೋಳಿಗೆ ನನ್ನ ತೋಳು ತಾಗದೆ ಕೂರುವುದು ಸಾಧ್ಯವಿರಲಿಲ್ಲ. ನಾನೂ ಸರಿಯಲಿಲ್ಲ, ಅವರಿಗೂ ಸರಿಯಲು ಜಾಗವಿರಲಿಲ್ಲ.

ತೋಪಿನಲ್ಲಿ ಅಮ್ಮ ತಾವೇ ಇಳಿದರು. ತೋಪಿನವನು ಅರ್ಧ ತೆಲುಗಿನಲ್ಲಿ, "ಅಮ್ಮಾ, ಮೀರೇ ವಚ್ಚಾರಾ? ನೀವೇ ಬಂದ್ರಾ? ಇನ್ನು ಬರಲ್ಲ ಅಂದ್ರಲ್ಲ ಎಲ್ರೂ" ಎಂದು ಬೆರಗಾದ. ಅವರು ಒಂದೊಂದೇ ಮರದ ಬುಡಕ್ಕೆ ಹೋಗಿ, ಕಾಂಡಕ್ಕೆ ಬೆನ್ನು ಕೊಟ್ಟು, ಕತ್ತೆತ್ತಿ ನೋಡಿದರು. ವ್ಯವಹಾರದ ಮಾತು ಬಂದಾಗ ತೋಪಿನವನು ರೂಢಿಯಂತೆ ಭಾವನ ಕಡೆ ತಿರುಗಿದ. ಭಾವ ಬಾಯಿ ತೆಗೆಯುವ ಮುಂಚೆ, "ಮಾತು ಈ ಕಡೆ ಆಡು. ಮರ ನೋಡಿರೋಳು ನಾನು" ಎಂದರು ಅಮ್ಮ. ತಾಂಬೂಲ ಕೈ ಬದಲಾಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ತೋಪು ಉಳಿಯಿತು.

ವಾಪಸು ಹೊರಡುವಾಗ ಭಾವ ತಾವಾಗಿಯೇ ಹಿಂದಿನ ಬಾಗಿಲಿಗೆ ಹೋದರು.  ಅವರ ಉದ್ದನೆಯ ಕಾಲು ಮುಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡಿತ್ತು. ಅತ್ತ ಸರಿದರು, ಇತ್ತ ಸರಿದರು, ಮಂಡಿಯನ್ನು ಕೈಯಿಂದ ತಿಕ್ಕಿಕೊಂಡರು. ಕೊನೆಗೆ ಯಾರಿಗೂ ಅಲ್ಲದಂತೆ, "ಹಿಂದ್ಗಡೆ ಕೂರೋದು ಭಾಳ ಕಷ್ಟ ಐತಲ್ಲ" ಎಂದರು.

ಅಮ್ಮ ಹಿಂದೆ ತಿರುಗಲಿಲ್ಲ.

"ನಾನು ಈ ಮನೆಗೆ ಬಂದಾಗ್ಲಿಂದ ಅಲ್ಲೇ ಕೂತಿದ್ದು ಭಾವ" ಎಂದರು. "ನೀವು ಇವತ್ತು ಕೂತಿದ್ದೀರ."